ಘರ್ಷಣಾಂಕದ ಪ್ರಯೋಗ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ದಾರಿ

ಮೇಜಿನ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ಕೊಕ್ಕೆ ಇರುವ ಮರದ ತುಂಡು. ಕೊಕ್ಕೆಗೆ ಕಟ್ಟಿದ ದಾರ ಹಲಗೆಯ ತುದಿಯ ರಾಟೆ ದಾಟಿ ಕೆಳಗೆ ಇಳಿದಿದೆ. ದಾರದ ಕೊನೆಯಲ್ಲಿ ತಟ್ಟೆ. ತಟ್ಟೆಗೆ ತೂಕ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ತುಂಡು ಜಾರುತ್ತದೆ. ಜಾರಿಸಲು ಬೇಕಾದ ಎಳೆತವನ್ನು ತುಂಡಿನ ಹೊರೆಯಿಂದ ಭಾಗಿಸಿದರೆ ಘರ್ಷಣಾಂಕ ಸಿಗುತ್ತದೆ. ಹುಡುಗರ ಬಾಯಲ್ಲಿ ಅದು ‘ಮ್ಯೂ’. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಲ್ಯಾಬ್ ಕೈಪಿಡಿಯಲ್ಲಿ ಇರುವ ಪ್ರಯೋಗ ಇದು. ನೋಡಲು ಇಷ್ಟು ಸುಲಭವಾಗಿದ್ದು, ಮಾಡಲು ಕೂತರೆ ಇಷ್ಟು ಕಾಡುವ ಪ್ರಯೋಗ ಪಿಯು ಮೊದಲ ವರ್ಷದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ದೂರುಗಳು ಮಾತ್ರ ಯಾವಾಗಲೂ ಅವೇ. ಹೊರೆ ಮತ್ತು ಎಳೆತದ ಗ್ರಾಫ್ ಮೂಲಬಿಂದುವಿನಲ್ಲಿ, ಅಂದರೆ ಎರಡೂ ಸೊನ್ನೆಯಾಗುವ ಜಾಗದಲ್ಲಿ, ಹಾಯುತ್ತಿಲ್ಲ. ಪ್ರತಿ ಸಲ ಬೇರೆ ಉತ್ತರ ಬರುತ್ತಿದೆ. ಪಕ್ಕದ ಬ್ಯಾಚ್‌ಗೆ 0.4 ಬಂತು, ನಮಗೆ 0.26 ಬಂತು. ಆಮೇಲೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ರೆಕಾರ್ಡ್ ಬುಕ್‌ನಲ್ಲಿ ರೀಡಿಂಗ್‌ಗಳು ತಾವಾಗಿಯೇ ‘ಸರಿ’ಹೋಗುತ್ತವೆ! ಹಾಗೆ ಮಾಡದೆ ನಿಜವಾಗಿ ತಪ್ಪು ಎಲ್ಲಿದೆ ಎಂದು ಹಿಡಿಯಬೇಕು ಎನ್ನುವವರಿಗೆ ಈ ಬರಹ.

ಉತ್ತರ ಕೆಟ್ಟಾಗ ಉತ್ತರವನ್ನೇ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಒಂದೇ ಒಂದು ಸಂಖ್ಯೆಗೆ ತನ್ನಲ್ಲಿ ಏನು ತಪ್ಪಿದೆ ಎಂದು ಹೇಳುವ ಶಕ್ತಿ ಇಲ್ಲ. ಆದರೆ ಐದಾರು ರೀಡಿಂಗ್‌ಗಳ ಗ್ರಾಫ್‌ಗೆ ಆ ಶಕ್ತಿ ಇದೆ. ಗೆರೆ ಮೇಲಕ್ಕೆ ಸರಿದಿದೆಯೋ, ಕೆಳಕ್ಕೆ ಸರಿದಿದೆಯೋ, ಕಡಿದಾಗಿದೆಯೋ, ಬಾಗಿದೆಯೋ, ಚುಕ್ಕೆಗಳು ಚೆದುರಿವೆಯೋ ನೋಡಿದರೆ ಉಪಕರಣದ ಯಾವ ಭಾಗವನ್ನು ಹಿಡಿಯಬೇಕು ಎಂದು ಅರ್ಧ ಗೊತ್ತಾದ ಹಾಗೆ.

ಪುಸ್ತಕದ ಬೆಲೆಯನ್ನು ಪಕ್ಕಕ್ಕಿಡಿ

ಮರದ ಮೇಲೆ ಮರ ಅಂದರೆ 0.25ರಿಂದ 0.5 ಎಂದು ಪುಸ್ತಕಗಳು ಬರೆಯುತ್ತವೆ. ಆ ಅಗಲ ನೋಡಿ, ಮೇಲಿನ ಬೆಲೆ ಕೆಳಗಿನದರ ಎರಡು ಪಟ್ಟು. ಘರ್ಷಣಾಂಕ ಒಂದು ವಸ್ತುವಿನ ಗುಣ ಅಲ್ಲ. ಎರಡು ಮೇಲ್ಮೈಗಳು ಆ ದಿನ, ಆ ಸ್ಥಿತಿಯಲ್ಲಿ, ಒಂದಕ್ಕೊಂದು ತಾಗಿದಾಗ ಬರುವ ಸಂಖ್ಯೆ ಅದು. ಮರದ ಜಾತಿ, ಎಳೆಗಳ ದಿಕ್ಕು, ವಾರ್ನಿಷ್, ತೇವ, ಕೈಯ ಜಿಡ್ಡು ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ.

ದೊಡ್ಡವರಿಗೂ ಇದು ಆಗಿದೆ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ, ನಯವಾದ ವಸ್ತುವನ್ನು ಎಳೆಯಲು ಅದರ ತೂಕದ ಕಾಲು ಭಾಗ ಬಲ ಬೇಕು ಎಂದು ಬರೆದ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೊನ್ ಪ್ಯಾರಿಸ್ ಅಕಾಡೆಮಿಯ ಮುಂದೆ, ಮೂರನೇ ಒಂದು ಭಾಗ ಬೇಕು ಎಂದ. ಕಬ್ಬಿಣವಾಗಲಿ, ಸೀಸವಾಗಲಿ, ತಾಮ್ರವಾಗಲಿ, ಮರವಾಗಲಿ, ಎಲ್ಲಕ್ಕೂ ಅದೇ ಬೆಲೆಯಂತೆ. ಕಾರಣ ಸಿಂಪಲ್. ಅವನು ಎಲ್ಲದಕ್ಕೂ ಹಂದಿಯ ಕೊಬ್ಬು ಸವರಿದ್ದ! ಅವನು ಅಳೆದದ್ದರಲ್ಲಿ ಲೋಹಕ್ಕಿಂತ ಜಿಡ್ಡಿನ ಪಾಲೇ ಜಾಸ್ತಿ. ಹೊರೆ ಜಾಸ್ತಿಯಾದಷ್ಟೂ ಘರ್ಷಣೆ ಅದೇ ಪ್ರಮಾಣದಲ್ಲಿ ಜಾಸ್ತಿಯಾಗುತ್ತದೆ ಎಂಬ ಅವನ ನಿಯಮ ಮಾತ್ರ ನಿಂತಿತು. ನಿಮ್ಮ ಪ್ರಯೋಗದಲ್ಲೂ ಮೊದಲು ಪರೀಕ್ಷಿಸಬೇಕಾದದ್ದು ಆ ನಿಯಮವನ್ನೇ. ಚುಕ್ಕೆಗಳು ನೇರ ಗೆರೆಯಲ್ಲಿ ಕೂತಿವೆಯಾ? ಕೂತಿದ್ದರೆ 0.26 ಬಂದರೂ ಅದು ನಿಮ್ಮ ಹಲಗೆಯ ಸತ್ಯ.

ಪುಸ್ತಕದ ಬೆಲೆ ಒಂದು ಕಡೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಉತ್ತರ ಹತ್ತು ಪಟ್ಟು ಆಚೆ ಈಚೆ ಇದ್ದರೆ ಅದು ಲೆಕ್ಕದ ತಪ್ಪು. ಮರಕ್ಕೆ 2.9 ಬಂತಾ? 9.8ರಿಂದ ಭಾಗಿಸಿ ನೋಡಿ, 0.3 ಆಗುತ್ತದೆ. ಅಂದರೆ ಎಳೆತವನ್ನು ನ್ಯೂಟನ್‌ನಲ್ಲಿ, ಹೊರೆಯನ್ನು ಕಿಲೋಗ್ರಾಮ್‌ನಲ್ಲಿ ಬರೆದಿದ್ದೀರಿ. 0.003 ಬಂದಿದ್ದರೆ ಎಳೆತ ನ್ಯೂಟನ್‌ನಲ್ಲಿ, ಹೊರೆ ಗ್ರಾಮ್‌ನಲ್ಲಿ ಇದೆ. ಎರಡನ್ನೂ ಸುಮ್ನೆ ಗ್ರಾಮ್‌ನಲ್ಲೇ ಇಟ್ಟುಕೊಳ್ಳಿ. ಭಾಗಿಸುವಾಗ ಗುರುತ್ವ ಹೇಗೂ ಹೊಡೆದುಹೋಗುತ್ತದೆ.

ಗೆರೆ ಮೂಲಬಿಂದುವಿನಲ್ಲಿ ಹಾಯುತ್ತಿಲ್ಲ

ಅಡ್ಡ ಅಕ್ಷದಲ್ಲಿ ಹೊರೆ, ಲಂಬ ಅಕ್ಷದಲ್ಲಿ ಎಳೆತ. ಹೊರೆ ಎಂದರೆ ಮರದ ತುಂಡು ಮತ್ತು ಅದರ ಮೇಲಿಟ್ಟ ತೂಕ ಎರಡೂ ಸೇರಿ. ಎಳೆತ ಎಂದರೆ ತಟ್ಟೆ ಮತ್ತು ಅದರೊಳಗಿನ ತೂಕ ಎರಡೂ ಸೇರಿ. ಈ ಎರಡು ‘ಸೇರಿ’ಗಳಲ್ಲೇ ಅರ್ಧ ತೊಂದರೆ ಇರುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಂಡು 120 ಗ್ರಾಮ್, ತಟ್ಟೆ 20 ಗ್ರಾಮ್, ನಿಜವಾದ ಮ್ಯೂ 0.30. ತುಂಡಿನ ಮೇಲೆ 100, 200, 300, 400 ಗ್ರಾಮ್ ಇಡುತ್ತಾ ಹೋಗುತ್ತೀರಿ. ಒಟ್ಟು ಹೊರೆ 220, 320, 420, 520. ಬೇಕಾದ ಎಳೆತ 66, 96, 126, 156 ಗ್ರಾಮ್.

ತಟ್ಟೆಯ ತೂಕ ಸೇರಿಸಲು ಮರೆತರೆ ನೀವು ಬರೆದುಕೊಳ್ಳುವ ಎಳೆತ 46, 76, 106, 136. ಒಂದೊಂದನ್ನೂ ಹೊರೆಯಿಂದ ಭಾಗಿಸಿ: 0.21, 0.24, 0.25, 0.26. ನೋಡಿ, ಹೊರೆ ಜಾಸ್ತಿಯಾದ ಹಾಗೆ ಮ್ಯೂ ಮೆಲ್ಲಗೆ ಏರುತ್ತಿದೆ. ಇವುಗಳ ಸರಾಸರಿ ತೆಗೆದು 0.24 ಎಂದು ಬರೆಯುವವರು ಬಹಳ ಜನ. ಈಗ ಗ್ರಾಫ್ ಎಳೆಯಿರಿ. 300 ಗ್ರಾಮ್ ಹೊರೆ ಹೆಚ್ಚಿದಾಗ ಎಳೆತ 90 ಹೆಚ್ಚಿದೆ. 90 ಅನ್ನು 300ರಿಂದ ಭಾಗಿಸಿದರೆ ಗೆರೆಯ ಓರೆ, ಅಂದರೆ ಸ್ಲೋಪ್, 0.30. ಸರಿಯಾದ ಉತ್ತರ! ಗೆರೆ ಮಾತ್ರ ಲಂಬ ಅಕ್ಷವನ್ನು ಸೊನ್ನೆಗಿಂತ 20 ಕೆಳಗೆ ಕಡಿಯುತ್ತದೆ. ಆ 20 ಏನು? ನೀವು ಮರೆತ ತಟ್ಟೆ.

ಈಗ ಉಲ್ಟಾ. ತಟ್ಟೆ ಸೇರಿಸಿದ್ದೀರಿ, ಆದರೆ ತುಂಡಿನ ಸ್ವಂತ ತೂಕ ಬಿಟ್ಟಿದ್ದೀರಿ. ಹೊರೆಯನ್ನು 100, 200, 300, 400 ಎಂದೇ ಬರೆದಿದ್ದೀರಿ. ಮ್ಯೂ 0.66, 0.48, 0.42, 0.39 ಎಂದು ಇಳಿಯುತ್ತಾ ಹೋಗುತ್ತದೆ. ಸ್ಲೋಪ್ ಆಗಲೂ 0.30. ಗೆರೆ ಲಂಬ ಅಕ್ಷವನ್ನು 36ರಲ್ಲಿ ಮೇಲೆ ಕಡಿಯುತ್ತದೆ. 36 ಅನ್ನು 0.30ರಿಂದ ಭಾಗಿಸಿದರೆ 120, ಅಂದರೆ ನಿಮ್ಮ ತುಂಡಿನ ತೂಕ. ಗ್ರಾಫ್ ತಾನೇ ಕಳ್ಳನನ್ನು ತೋರಿಸಿಕೊಡುತ್ತದೆ.

ಹಾಗಾಗಿ ಮ್ಯೂವನ್ನು ಒಂದೊಂದು ರೀಡಿಂಗ್‌ನಿಂದ ಭಾಗಿಸಿ ಸರಾಸರಿ ತೆಗೆಯುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಎಲ್ಲ ರೀಡಿಂಗ್‌ಗೂ ಒಂದೇ ಅಳತೆಯಲ್ಲಿ ಸೇರಿಕೊಳ್ಳುವ ತಪ್ಪುಗಳು ಸರಾಸರಿಯಲ್ಲಿ ಅಡಗಿಕೊಳ್ಳುತ್ತವೆ. ಸ್ಲೋಪ್‌ಗೆ ಅವು ತಾಗುವುದೇ ಇಲ್ಲ. ಕೋಷ್ಟಕದ ಕೊನೆಯ ಕಾಲಮ್‌ನಲ್ಲಿ ಮ್ಯೂ ಬರೆಯಲೇಬೇಕು ಎಂದಿದ್ದರೆ ಬರೆಯಿರಿ, ಆದರೆ ಉತ್ತರ ಸ್ಲೋಪ್‌ನಿಂದ ತೆಗೆಯಿರಿ. ಕಾಲಮ್‌ನ ಸಂಖ್ಯೆಗಳು ಏರುತ್ತಿವೆಯೋ ಇಳಿಯುತ್ತಿವೆಯೋ ನೋಡಲು ಮಾತ್ರ ಅದನ್ನು ಇಟ್ಟುಕೊಳ್ಳಿ.

ತಟ್ಟೆ, ತುಂಡು ಎರಡನ್ನೂ ಸೇರಿಸಿದ ಮೇಲೂ ಗೆರೆ ಸ್ವಲ್ಪ ಮೇಲೆಯೇ ಕಡಿಯುತ್ತಿದ್ದರೆ ರಾಟೆಯ ಅಚ್ಚು ತುಕ್ಕು ಹಿಡಿದು ಬಿಗಿಯಾಗಿರಬಹುದು. ಹೊರೆ ಎಷ್ಟೇ ಇರಲಿ, ಅದನ್ನು ಅಲುಗಿಸಲು ಒಂದಿಷ್ಟು ಬಲ ಬೇಕೇ ಬೇಕು ಎನ್ನುವ ಸ್ಥಿತಿ ಅದು. ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ. ಎಣ್ಣೆ ಅಚ್ಚಿಗೆ ಮಾತ್ರ, ಹಲಗೆಗೆ ಒಂದು ಹನಿಯೂ ಬೀಳಬಾರದು.

ಗೆರೆ ನೇರವಾಗಿದೆ, ಮೂಲಬಿಂದುವಿನಲ್ಲೂ ಹಾಯುತ್ತಿದೆ, ಆದರೂ ಉತ್ತರದ ಮೇಲೆ ಅನುಮಾನ

ಇದು ಕಷ್ಟದ ದೋಷ. ಏಕೆಂದರೆ ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ. ಹೊರೆಯ ಜೊತೆ ಜೊತೆಗೇ ಬೆಳೆಯುವ ತಪ್ಪುಗಳು ನೇರವಾಗಿ ಸ್ಲೋಪ್‌ನೊಳಗೆ ನುಗ್ಗುತ್ತವೆ. ಹೀಗೆ ಮಾಡುವವು ಮುಖ್ಯವಾಗಿ ಮೂರು: ಹಲಗೆಯ ಓರೆ, ದಾರದ ಓರೆ, ರಾಟೆ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ಮೂರನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ. ಒಂದನ್ನು ಬದಲಿಸಿ, ರೀಡಿಂಗ್ ತೆಗೆದು, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಮೊದಲು ಹಲಗೆ. 60 ಸೆಂಟಿಮೀಟರ್ ಉದ್ದದ ಹಲಗೆಯ ಒಂದು ತುದಿ 1 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಓರೆ ಹತ್ತಿರ ಹತ್ತಿರ 1 ಡಿಗ್ರಿ. ಆದರೆ 0.30 ಇರಬೇಕಾದ ಮ್ಯೂ ಒಂದು ಕಡೆ ಎಳೆದರೆ ಸುಮಾರು 0.283, ಇನ್ನೊಂದು ಕಡೆ ಎಳೆದರೆ 0.317 ಎಂದು ಬರುತ್ತದೆ. ಶೇಕಡಾ 5ಕ್ಕಿಂತ ಜಾಸ್ತಿ ವ್ಯತ್ಯಾಸ ಅಲ್ವಾ? ಗಾರೆ ಕೆಲಸದವರ ಹತ್ತಿರ ಇರುವ ರಸಮಟ್ಟ ಇಟ್ಟು ನೋಡಿದರೆ ಮುಗಿಯಿತು. ಹಲಗೆಯನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ, ತಗ್ಗಿದ ಕಡೆ ಕಾಗದ ಮಡಚಿ ಇಡಿ. ರಸಮಟ್ಟ ಇಲ್ಲದಿದ್ದರೂ ದಾರಿ ಇದೆ. ಅದೇ ಹೊರೆಗೆ ಒಮ್ಮೆ ಬಲಕ್ಕೆ ಎಳೆದು, ರಾಟೆಯನ್ನು ಇನ್ನೊಂದು ತುದಿಗೆ ಹಾಕಿ ಒಮ್ಮೆ ಎಡಕ್ಕೆ ಎಳೆಯಿರಿ. ಹಲಗೆಯನ್ನು ಅಲುಗಿಸಬಾರದು. ಎರಡು ಬೆಲೆ ಬೇರೆಯಾದರೆ ಹಲಗೆ ಓರೆಯಾಗಿರಬಹುದು. ಎರಡರ ಸರಾಸರಿಯಲ್ಲಿ ಓರೆಯ ತಪ್ಪು ತಾನಾಗಿ ಅಳಿಸಿಹೋಗುತ್ತದೆ. ಮರದ ಎಳೆಗಳು ಒಂದೇ ದಿಕ್ಕಿಗೆ ಮಲಗಿದ್ದರೂ ಹೀಗೇ ಕಾಣಬಹುದು. ಹಾಗೆ ಅನಿಸಿದರೆ ಹಲಗೆಯನ್ನೇ ಅರ್ಧ ಸುತ್ತು ತಿರುಗಿಸಿ ನೋಡಿ. ವ್ಯತ್ಯಾಸ ಹಲಗೆಯ ಜೊತೆ ತಿರುಗಿದರೆ ಎಳೆಗಳ ಕಾರಣ. ಅದು ಮೇಜಿನ ಕಡೆಗೇ ಉಳಿದರೆ ಮೇಜಿನ ಓರೆ.

ಆಮೇಲೆ ದಾರ. ತುಂಡಿನಿಂದ ರಾಟೆಯವರೆಗೆ ದಾರ ಹಲಗೆಗೆ ಸಮಾನಾಂತರವಾಗಿರಬೇಕು. ರಾಟೆ ಎತ್ತರದಲ್ಲಿದ್ದರೆ ದಾರ ತುಂಡನ್ನು ಸ್ವಲ್ಪ ಮೇಲಕ್ಕೂ ಎತ್ತುತ್ತದೆ, ಹೊರೆ ಕಡಿಮೆಯಾಗುತ್ತದೆ. ರಾಟೆ ತಗ್ಗಿನಲ್ಲಿದ್ದರೆ ತುಂಡನ್ನು ಹಲಗೆಗೆ ಒತ್ತುತ್ತದೆ. ಮ್ಯೂ 0.3 ಇರುವಾಗ 10 ಡಿಗ್ರಿ ಮೇಲ್ಮುಖದ ಓರೆ ಎಳೆತವನ್ನು ಶೇಕಡಾ 3.5ರಷ್ಟು ಕಡಿಮೆ ತೋರಿಸುತ್ತದೆ. ಅದೇ 10 ಡಿಗ್ರಿ ಕೆಳಮುಖವಾಗಿದ್ದರೆ ಶೇಕಡಾ 7ರಷ್ಟು ಜಾಸ್ತಿ ತೋರಿಸುತ್ತದೆ. ಅಂದರೆ ತಗ್ಗಿದ ರಾಟೆಯೇ ಹೆಚ್ಚು ಅಪಾಯ. ಪರೀಕ್ಷೆಗೆ ಒಂದು ಸ್ಕೇಲ್ ಸಾಕು. ಕೊಕ್ಕೆಯ ಹತ್ತಿರ ದಾರ ಹಲಗೆಯಿಂದ ಎಷ್ಟು ಮೇಲಿದೆ, ರಾಟೆಯ ಹತ್ತಿರ ಎಷ್ಟು ಮೇಲಿದೆ ಎಂದು ಅಳೆಯಿರಿ. 30 ಸೆಂಟಿಮೀಟರ್ ದೂರಕ್ಕೆ 5 ಮಿಲಿಮೀಟರ್ ವ್ಯತ್ಯಾಸ ಇದ್ದರೆ ಓರೆ ಬರೀ 1 ಡಿಗ್ರಿ, ತಲೆ ಕೆಡಿಸಿಕೊಳ್ಳಬೇಡಿ. ಅದೇ 5 ಮಿಲಿಮೀಟರ್ ವ್ಯತ್ಯಾಸ ತುಂಡು ರಾಟೆಗೆ ತೀರಾ ಹತ್ತಿರ ಬಂದಾಗ ದೊಡ್ಡ ಓರೆಯಾಗುತ್ತದೆ. ಅದಕ್ಕೇ ತುಂಡನ್ನು ಪ್ರತಿ ಸಲ ರಾಟೆಯಿಂದ ದೂರದಲ್ಲಿ, ಪೆನ್ಸಿಲ್‌ನಿಂದ ಗುರುತು ಮಾಡಿದ ಜಾಗದಲ್ಲೇ ಇಟ್ಟು ಶುರುಮಾಡಬೇಕು.

ಕೊಕ್ಕೆ ತುಂಡಿನ ತಳದ ಹತ್ತಿರ ಇದ್ದರೆ ಒಳ್ಳೆಯದು. ಎತ್ತರದಲ್ಲಿ ಎಳೆದರೆ ತುಂಡಿನ ಮುಂದಿನ ಅಂಚು ಹಲಗೆಗೆ ಒತ್ತಿಕೊಳ್ಳುತ್ತದೆ, ಹಿಂದಿನ ಅಂಚು ಹಗುರಾಗುತ್ತದೆ. ಅಂಚು ಚೂಪಾಗಿದ್ದರೆ ಅದು ಹಲಗೆಯನ್ನು ಕೆರೆಯುತ್ತದೆ. ಅಂಥ ತುಂಡಿನ ಅಂಚುಗಳನ್ನು ಸ್ಯಾಂಡ್ ಪೇಪರ್‌ನಿಂದ ಸ್ವಲ್ಪ ಉರುಟಾಗಿಸಿ.

ಕೊನೆಗೆ ರಾಟೆ. ತುಂಡನ್ನು ಬಿಚ್ಚಿಡಿ. ದಾರದ ಎರಡೂ ತುದಿಗೆ 100 ಗ್ರಾಮ್ ಕಟ್ಟಿ ರಾಟೆಯ ಮೇಲೆ ನೇತುಹಾಕಿ. ಒಂದು ಕಡೆ ಒಂದೊಂದೇ ಗ್ರಾಮ್ ಸೇರಿಸುತ್ತಾ ಹೋಗಿ. ಎಷ್ಟು ಸೇರಿಸಿದಾಗ ರಾಟೆ ಅಲುಗಿತೋ ಅಷ್ಟು ಅದು ನುಂಗುತ್ತದೆ. ಒಳ್ಳೆಯ ಬೇರಿಂಗ್ ಇರುವ ರಾಟೆ ಒಂದೆರಡು ಗ್ರಾಮ್‌ಗೆ ತಿರುಗುತ್ತದೆ. ಹತ್ತು ಗ್ರಾಮ್ ಹಾಕಿದರೂ ಸುಮ್ನೆ ನಿಂತಿದ್ದರೆ ಆ ರಾಟೆಯನ್ನು ಬದಲಿಸಿ. ಲೆಕ್ಕಕ್ಕೆ ಇಳಿಯುವವರಿಗೆ ಒಂದು ಸೂಕ್ಷ್ಮ: ಈ ಪರೀಕ್ಷೆಯಲ್ಲಿ ದಾರ ಪೂರ್ತಿ ಹಿಂದಕ್ಕೆ ತಿರುಗುತ್ತದೆ, ಪ್ರಯೋಗದಲ್ಲಿ ಲಂಬಕೋನದಷ್ಟು ಮಾತ್ರ ತಿರುಗುತ್ತದೆ. ಹಾಗಾಗಿ ಅಚ್ಚಿನ ಮೇಲಿನ ಹೊರೆ ಪ್ರಯೋಗದಲ್ಲಿ ಸುಮಾರು 0.7 ಪಟ್ಟು, ನಷ್ಟವೂ ಸರಿಸುಮಾರು ಅಷ್ಟೇ ಪಟ್ಟು. ರಾಟೆಯ ತಪ್ಪು ಯಾವಾಗಲೂ ಒಂದೇ ಕಡೆಗೆ, ಮ್ಯೂವನ್ನು ಜಾಸ್ತಿ ತೋರಿಸುವ ಕಡೆಗೆ. ನಿಮ್ಮ ಉತ್ತರ ಕಡಿಮೆ ಬರುತ್ತಿದ್ದರೆ ರಾಟೆಯನ್ನು ಬೈಯುವುದು ವ್ಯರ್ಥ.

ಪ್ರತಿ ಸಲ ಬೇರೆ ಬೇರೆ ಬೆಲೆ

ಅದೇ ತುಂಡು, ಅದೇ ಹೊರೆ. ಒಮ್ಮೆ 62 ಗ್ರಾಮ್‌ಗೆ ಜಾರಿತು, ಒಮ್ಮೆ 75 ಆದರೂ ಜಾರಲಿಲ್ಲ. ಇಲ್ಲಿ ಮೊದಲು ಕೈ ನೋಡಿಕೊಳ್ಳಬೇಕು, ಆಮೇಲೆ ಮೇಲ್ಮೈ.

ತೂಕದ ಬಿಲ್ಲೆಯನ್ನು ತಟ್ಟೆಗೆ ಟಪ್ ಎಂದು ಬಿಟ್ಟರೆ ಆ ಕ್ಷಣಕ್ಕೆ ದಾರದ ಎಳೆತ ಬಿಲ್ಲೆಯ ತೂಕಕ್ಕಿಂತ ಜಾಸ್ತಿಯಾಗುತ್ತದೆ. ತುಂಡು ಬೇಗ ಜಾರುತ್ತದೆ, ಮ್ಯೂ ಕಡಿಮೆ ಬರುತ್ತದೆ. ಬಿಲ್ಲೆ ಇಡುವಾಗ ತಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಇಟ್ಟ ಮೇಲೆ ನಿಧಾನವಾಗಿ ಬಿಡಿ. ಇದಕ್ಕಿಂತ ಒಳ್ಳೆಯ ಉಪಾಯ ಮರಳು. ತಟ್ಟೆಯ ಬದಲು ಪೇಪರ್ ಕಪ್ ಕಟ್ಟಿ, ಚಮಚದಿಂದ ಒಣ ಮರಳನ್ನು ಧಾರೆಯಾಗಿ ಸುರಿಯಿರಿ. ತುಂಡು ಜಾರಿದ ಕೂಡಲೇ ನಿಲ್ಲಿಸಿ, ಕಪ್ ಸಮೇತ ಡಿಜಿಟಲ್ ತಕ್ಕಡಿಯಲ್ಲಿ ಇಡಿ. ತಟ್ಟೆಯ ತೂಕ ಮರೆಯುವ ತಾಪತ್ರಯವೂ ಹೋಯಿತು, 10 ಗ್ರಾಮ್ ಬಿಲ್ಲೆಗಳ ನೆಗೆತವೂ ಹೋಯಿತು.

ಎರಡನೆಯದು, ನೀವು ಯಾವ ಘರ್ಷಣೆಯನ್ನು ಅಳೆಯುತ್ತಿದ್ದೀರಿ ಎಂದು ತೀರ್ಮಾನ ಮಾಡಿಕೊಳ್ಳಿ. ನಿಂತ ತುಂಡನ್ನು ಹೊರಡಿಸಲು ಬೇಕಾದದ್ದು ಸ್ಥಿತ ಘರ್ಷಣೆಯ ಗರಿಷ್ಠ ಬೆಲೆ. ಹೊರಟ ತುಂಡನ್ನು ಒಂದೇ ವೇಗದಲ್ಲಿ ನಡೆಸಲು ಬೇಕಾದದ್ದು ಚಲನ ಘರ್ಷಣೆ. ಅದು ಸಾಮಾನ್ಯವಾಗಿ ಕಡಿಮೆ. ಕೆಲವರು ಮೇಜನ್ನು ಬೆರಳಿನಿಂದ ತಟ್ಟುತ್ತಾ ತೂಕ ಹಾಕುತ್ತಾರೆ. ಕೆಲವರು ತಟ್ಟುವುದಿಲ್ಲ. ಒಂದೇ ಬ್ಯಾಚ್‌ನಲ್ಲಿ ಒಬ್ಬ ತಟ್ಟಿ, ಇನ್ನೊಬ್ಬ ತಟ್ಟದಿದ್ದರೆ ಒಂದೇ ಕೋಷ್ಟಕದಲ್ಲಿ ಎರಡು ಪ್ರಯೋಗ ಸೇರಿಕೊಳ್ಳುತ್ತವೆ. ತಟ್ಟಿದಾಗ ಬರುವ ಬೆಲೆ ಎರಡರ ನಡುವೆ ಎಲ್ಲೋ ಇರುತ್ತದೆ, ತಟ್ಟುವ ಜೋರಿಗೆ ತಕ್ಕ ಹಾಗೆ. ಸ್ಥಿತ ಘರ್ಷಣೆ ಬೇಕಾದರೆ ತಟ್ಟಲೇಬೇಡಿ, ಮೇಜಿಗೆ ಒರಗಬೇಡಿ. ಚಲನ ಘರ್ಷಣೆ ಬೇಕಾದರೆ ಪ್ರತಿ ಸಲ ತುಂಡನ್ನು ಮೆಲ್ಲಗೆ ತಳ್ಳಿ, ಅದು ವೇಗ ಹೆಚ್ಚಿಸಿಕೊಳ್ಳದೆ, ನಿಲ್ಲದೆ ಸಾಗುವ ತೂಕವನ್ನು ಹುಡುಕಿ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ತುಂಡು ಎಷ್ಟು ಹೊತ್ತು ನಿಂತಿತ್ತು? ಫ್ರೆಂಚ್ ಎಂಜಿನಿಯರ್ ಕೂಲಂಬ್, ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಕೂಲಂಬ್, 1785ರಲ್ಲಿ ಪ್ರಕಟಿಸಿದ ಘರ್ಷಣೆಯ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ್ದ. ಮರದ ಮೇಲೆ ಮರ ನಿಂತ ಮೊದಲ ಕೆಲವು ನಿಮಿಷ ಹಿಡಿತ ಬಿಗಿಯಾಗುತ್ತಾ ಹೋಗುತ್ತದೆ. ತುಂಡನ್ನು ಇಟ್ಟ ತಕ್ಷಣ ಎಳೆದರೆ ಒಂದು ಬೆಲೆ, ಮಾತಾಡುತ್ತಾ ಐದು ನಿಮಿಷ ಬಿಟ್ಟು ಎಳೆದರೆ ಇನ್ನೊಂದು. ಪರಿಹಾರ ಸುಲಭ. ಹೊರೆ ಇಟ್ಟ ಮೇಲೆ ಪ್ರತಿ ಸಲ ಒಂದೇ ಹೊತ್ತು, ಅರ್ಧ ನಿಮಿಷವೋ ಒಂದು ನಿಮಿಷವೋ, ಮೊಬೈಲ್ ನೋಡಿಕೊಂಡು ಕಾಯಿರಿ.

ಇನ್ನು ಮೇಲ್ಮೈ. ಕರಿಹಲಗೆಯ ಪಕ್ಕದಲ್ಲೇ ಪ್ರಯೋಗದ ಮೇಜು ಇದ್ದರೆ ಸೀಮೆಸುಣ್ಣದ ಪುಡಿ ಹಲಗೆಯ ಮೇಲೆ ಕೂತಿರುತ್ತದೆ. ಕೇರಂ ಬೋರ್ಡಿಗೆ ಬೋರಿಕ್ ಪೌಡರ್ ಹಾಕಿದ ಹಾಗೆ ಅದು ಕೆಲಸ ಮಾಡುತ್ತದೆ, ತುಂಡು ಸರಾಗವಾಗಿ ಜಾರುತ್ತದೆ. ಪುಡಿ ಎಲ್ಲ ಕಡೆ ಒಂದೇ ಸಮ ಬಿದ್ದಿರುವುದಿಲ್ಲವಾದ್ದರಿಂದ ಒಂದು ಜಾಗದಲ್ಲಿ ಒಂದು ಬೆಲೆ, ಇನ್ನೊಂದು ಜಾಗದಲ್ಲಿ ಇನ್ನೊಂದು. ಒಣ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಬೇಡ. ಸನ್‌ಮೈಕಾ ಅಥವಾ ಗಾಜಿಗಾದರೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಆರಲು ಬಿಡಿ. ವಾರ್ನಿಷ್ ಮಾಡಿದ ಹಲಗೆಗೆ ಸ್ಪಿರಿಟ್ ತಾಗಿಸಬೇಡಿ, ವಾರ್ನಿಷ್ ಏಳುತ್ತದೆ. ತುಂಡನ್ನು ಎತ್ತುವಾಗ ಅಂಚಿನಲ್ಲಿ ಹಿಡಿಯಿರಿ, ತಳ ಮುಟ್ಟಬೇಡಿ.

ಬೆಲೆ ಚೆದುರುತ್ತಿಲ್ಲ, ಒಂದೇ ಕಡೆಗೆ ಸರಿಯುತ್ತಿದೆ

ಬೆಳಿಗ್ಗೆಯ ಬ್ಯಾಚ್‌ಗೆ ಒಂದು, ಮಧ್ಯಾಹ್ನದ ಬ್ಯಾಚ್‌ಗೆ ಅದಕ್ಕಿಂತ ಕಡಿಮೆ, ಸಂಜೆಗೆ ಇನ್ನೂ ಕಡಿಮೆ. ಇದು ಕೈಯ ತಪ್ಪಲ್ಲ, ಮೇಲ್ಮೈಯೇ ಬದಲಾಗುತ್ತಿದೆ. ಹೊಸ ಹಲಗೆಯ ಉಬ್ಬುಗಳು ತಿಕ್ಕಾಟಕ್ಕೆ ಸವೆದು ನಯವಾಗುತ್ತವೆ. ಪರೀಕ್ಷೆ ಸರಳ: ಸರಣಿ ಮುಗಿದ ಮೇಲೆ ಮೊದಲನೇ ಹೊರೆಯನ್ನೇ ಮತ್ತೆ ಇಟ್ಟು ನೋಡಿ. ಮೊದಲಿನ ಬೆಲೆ ಬರದಿದ್ದರೆ ಸರಣಿಯ ನಡುವೆಯೇ ಮೇಲ್ಮೈ ಬದಲಾಗಿದೆ. ಹೊಸ ಹಲಗೆಯಾದರೆ ಪ್ರಯೋಗಕ್ಕೆ ಮೊದಲು ತುಂಡನ್ನು ಅದೇ ಹಾದಿಯಲ್ಲಿ ಹಲವು ಸಲ ಎಳೆದಾಡಿ, ಬೆಲೆ ನೆಲೆ ನಿಂತ ಮೇಲೆ ರೀಡಿಂಗ್ ಶುರುಮಾಡಿ. ಹೊರೆಗಳನ್ನು 100, 200, 300 ಎಂದು ಏರಿಸುವ ಬದಲು ಹಿಂದೆ ಮುಂದೆ ಮಾಡಿ ಹಾಕಿದರೆ ಸವೆತದ ತಪ್ಪು ಸ್ಲೋಪ್‌ನೊಳಗೆ ಅಷ್ಟಾಗಿ ನುಗ್ಗುವುದಿಲ್ಲ.

ತೇವದ ವಿಷಯವೂ ಇಲ್ಲೇ ಬರುತ್ತದೆ. ಒಣ ಮರಕ್ಕೆ ತೇವ ಸೇರುತ್ತಾ ಹೋದ ಹಾಗೆ ಅದರ ಘರ್ಷಣಾಂಕ ಏರುತ್ತದೆ. ಎಳೆಗಳು ನೀರು ಕುಡಿದು ತುಂಬಿದ ಮೇಲೆ ಏರುವುದು ನಿಲ್ಲುತ್ತದೆ. ಜುಲೈನಲ್ಲಿ ಮಂಗಳೂರಲ್ಲೋ ಆಗುಂಬೆಯ ಕಡೆಯೋ ಮಾಡಿದ ಪ್ರಯೋಗವನ್ನು ಮಾರ್ಚ್‌ನ ಕಲಬುರಗಿಯ ಪ್ರಯೋಗಕ್ಕೆ ಹೋಲಿಸಿ, ಯಾರದ್ದು ತಪ್ಪು ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಮಳೆಗಾಲದಲ್ಲಿ ಸನ್‌ಮೈಕಾ ಅಂಟಿಸಿದ ಹಲಗೆ ವಾಸಿ.

ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುವವರಿಗೆ

ರಾಟೆ ಇಲ್ಲದ ಕಡೆ ಸ್ಪ್ರಿಂಗ್ ತಕ್ಕಡಿ ಹಿಡಿದು ಎಳೆಯುತ್ತಾರೆ. ಅದರಲ್ಲಿ ಬೇರೆಯೇ ದೋಷಗಳು. ತಕ್ಕಡಿಯ ಸೊನ್ನೆಯನ್ನು ಹೊಂದಿಸುವುದು ಅದನ್ನು ನೇತುಹಾಕಿಕೊಂಡು. ಆಗ ಕೊಕ್ಕೆಯ ತೂಕವೂ ಸ್ಪ್ರಿಂಗನ್ನು ಎಳೆದಿರುತ್ತದೆ. ಅಡ್ಡ ಮಲಗಿಸಿದ ಕೂಡಲೇ ಆ ಎಳೆತ ಇಲ್ಲವಾಗಿ ಮುಳ್ಳು ಸೊನ್ನೆಗಿಂತ ಹಿಂದೆ ಹೋಗುತ್ತದೆ, ಇಲ್ಲವೇ ಹಿಂದೆ ಹೋಗಲು ಜಾಗವಿಲ್ಲದೆ ತಡೆಗೆ ಒತ್ತಿಕೊಳ್ಳುತ್ತದೆ. ಎಲ್ಲ ರೀಡಿಂಗ್‌ಗಳೂ ಅಷ್ಟಷ್ಟು ಕಡಿಮೆ. ಸೊನ್ನೆಯನ್ನು ಅಡ್ಡ ಹಿಡಿದೇ ಹೊಂದಿಸಿ. ಇದು ಕೂಡ ಎಲ್ಲಕ್ಕೂ ಒಂದೇ ಅಳತೆಯ ತಪ್ಪು, ಆದ್ದರಿಂದ ಸ್ಲೋಪ್ ತೆಗೆದರೆ ಬಚಾವ್.

ಅಳತೆಯ ಗೀಟು ಇನ್ನೊಂದು ತಲೆನೋವು. 500 ಗ್ರಾಮ್‌ನ ತಕ್ಕಡಿಯಲ್ಲಿ ಒಂದು ಗೀಟು 10 ಗ್ರಾಮ್ ಆದರೆ, 66 ಗ್ರಾಮ್‌ನ ಎಳೆತ 60 ಮತ್ತು 70ರ ನಡುವೆ ಎಲ್ಲೋ ಎಂದಷ್ಟೇ ಹೇಳಬಹುದು. ತುಂಡಿನ ಮೇಲೆ ಹೊರೆ ಜಾಸ್ತಿ ಇಡಿ, ಮುಳ್ಳು ಅಳತೆಪಟ್ಟಿಯ ನಡುಭಾಗಕ್ಕೆ ಬರಲಿ.

ಮುಳ್ಳು ಕುಣಿಯುತ್ತಿದ್ದರೆ, ತುಂಡು ನಿಂತು ನಿಂತು ನೆಗೆಯುತ್ತಿದ್ದರೆ, ಅದು ಸ್ಥಿತ ಮತ್ತು ಚಲನ ಘರ್ಷಣೆಗಳ ಜಗಳ. ಸ್ಪ್ರಿಂಗ್ ಎಳೆದುಕೊಳ್ಳುತ್ತದೆ, ತುಂಡು ಕಿತ್ತು ಮುಂದೆ ಬರುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ, ತುಂಡು ಮತ್ತೆ ಅಂಟುತ್ತದೆ. ಹೊರಡುವ ಕ್ಷಣದ ಬೆಲೆ ಬೇಕಾದರೆ ಮುಳ್ಳಿಗೆ ಮೊಬೈಲ್ ಕ್ಯಾಮೆರಾ ಇಟ್ಟು ನಿಧಾನಗತಿಯಲ್ಲಿ ರೆಕಾರ್ಡ್ ಮಾಡಿ. ಚಲನ ಘರ್ಷಣೆ ಬೇಕಾದರೆ ಉಪಾಯವನ್ನೇ ತಿರುಗಿಸಿ: ತಕ್ಕಡಿಯನ್ನು ಸ್ಟ್ಯಾಂಡ್‌ಗೆ ಕಟ್ಟಿ, ತುಂಡನ್ನು ಅದಕ್ಕೆ ಸಿಕ್ಕಿಸಿ, ಕೆಳಗಿನ ಹಲಗೆಯನ್ನು ಎಳೆಯಿರಿ. ತುಂಡು ಇದ್ದಲ್ಲೇ ಇರುತ್ತದೆ, ಮುಳ್ಳು ನಿಲ್ಲುತ್ತದೆ, ಆರಾಮಾಗಿ ಓದಬಹುದು. ಹಲಗೆಯನ್ನು ಒಂದೇ ವೇಗದಲ್ಲಿ ಎಳೆಯುವ ಕಷ್ಟವೂ ಇಲ್ಲ. ಈ ಒಂದು ಬದಲಾವಣೆ ಎಲ್ಲ ಲ್ಯಾಬ್‌ಗಳಲ್ಲೂ ಆಗಬೇಕು ಎಂದು ನನ್ನ ಆಸೆ.

ಓರೆ ಹಲಗೆಯ ವಿಧಾನದಲ್ಲಿ

ಹಲಗೆಯ ಒಂದು ತುದಿ ಎತ್ತುತ್ತಾ ಹೋಗಿ, ತುಂಡು ಜಾರುವ ಕೋನದ ಟ್ಯಾನ್ ತೆಗೆದರೆ ಮ್ಯೂ. ತೂಕ ಬೇಡ, ರಾಟೆ ಬೇಡ. ಮನೆಯಲ್ಲಿ ಮಾಡುವವರಿಗೆ ಇದೇ ಸರಿ. ಆದರೆ ಕೋನಮಾಪಕದಲ್ಲಿ 1 ಡಿಗ್ರಿ ತಪ್ಪಿದರೆ 20 ಡಿಗ್ರಿಯ ಹತ್ತಿರ ಉತ್ತರ ಶೇಕಡಾ 5ರಷ್ಟು ಬದಲಾಗುತ್ತದೆ: 0.344, 0.364, 0.384. ಅದಕ್ಕೇ ಕೋನ ಅಳೆಯುವ ಬದಲು ಎತ್ತರ ಮತ್ತು ತಳದ ಉದ್ದ ಅಳೆದು ಭಾಗಿಸಿ. ತಳ ಅಂದರೆ ನೆಲದ ಮೇಲಿನ ಅಳತೆ, ಹಲಗೆಯ ಉದ್ದ ಅಲ್ಲ. ಹಲಗೆಯ ಉದ್ದದಿಂದ ಭಾಗಿಸಿದರೆ ಸಿಗುವುದು ಸೈನ್. 17 ಡಿಗ್ರಿಯಲ್ಲಿ ಸೈನ್ 0.292, ಟ್ಯಾನ್ 0.306, ವ್ಯತ್ಯಾಸ ಸಣ್ಣದು. 30 ಡಿಗ್ರಿಯಲ್ಲಿ 0.5 ಮತ್ತು 0.577, ಆಗ ಮುಚ್ಚಿಡಲು ಆಗುವುದಿಲ್ಲ.

ಕ್ಯಾಲ್ಕುಲೇಟರ್‌ನದ್ದೂ ಒಂದು ಕಾಟ ಇದೆ. 17ರ ಟ್ಯಾನ್ 3.49 ಬಂದರೆ ಅದು ರೇಡಿಯನ್‌ನಲ್ಲಿದೆ, ಯಾರಿಗಾದರೂ ಗೊತ್ತಾಗುತ್ತದೆ. 0.274 ಬಂದರೆ ಗ್ರೇಡ್‌ನಲ್ಲಿದೆ, ಅಂದರೆ ಲಂಬಕೋನವನ್ನು 90ರ ಬದಲು 100 ಭಾಗ ಮಾಡುವ ಅಳತೆಯಲ್ಲಿ. ಇದು ಕೆಟ್ಟದ್ದು, ಏಕೆಂದರೆ ಉತ್ತರ ನಂಬುವ ಹಾಗಿರುತ್ತದೆ. 45ರ ಟ್ಯಾನ್ ಒತ್ತಿ ನೋಡಿ, 1 ಬಂದರೆ ಎಲ್ಲ ಸರಿ.

ಮೊಬೈಲ್ ಆ್ಯಪ್‌ನಿಂದ ಕೋನ ನೋಡುವವರು, ಫೋನಿನ ಹಿಂದೆ ಉಬ್ಬಿದ ಕ್ಯಾಮೆರಾವನ್ನು ಮರೆಯಬೇಡಿ. ಆ ಉಬ್ಬಿನಿಂದಲೇ ಫೋನ್ ಓರೆ ಕೂರುತ್ತದೆ. ಒಮ್ಮೆ ಇಟ್ಟು ಓದಿ, ಫೋನಿನ ಮೇಲಿನ ತುದಿ ಕೆಳಗೆ ಬರುವ ಹಾಗೆ ಅರ್ಧ ಸುತ್ತು ತಿರುಗಿಸಿ ಇಟ್ಟು ಮತ್ತೆ ಓದಿ, ಸರಾಸರಿ ತೆಗೆಯಿರಿ.

ತುಂಡು ಜಾರದೆ ಮಗುಚಿಬಿದ್ದರೆ ಅದು ನಿಮ್ಮ ಆಯ್ಕೆಯ ತಪ್ಪು. 4 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರದ ತುಂಡು ಸುಮಾರು 18 ಡಿಗ್ರಿಗೇ ಮಗುಚುತ್ತದೆ. ಮ್ಯೂ 0.4 ಇದ್ದರೆ ಅದು ಜಾರಬೇಕಾದದ್ದು 22 ಡಿಗ್ರಿಯ ಹತ್ತಿರ. ತುಂಡನ್ನು ಮಲಗಿಸಿ ಇಡಿ. ತಾಗುವ ಜಾಗ ದೊಡ್ಡದಾಯಿತು, ಘರ್ಷಣೆಯೂ ಜಾಸ್ತಿಯಾಗುತ್ತದೆ ಎಂಬ ಭಯ ಬೇಡ. ಮರದ ಮಟ್ಟಿಗೆ ಮ್ಯೂ ತಾಗುವ ವಿಸ್ತಾರಕ್ಕೆ ಸೊಪ್ಪು ಹಾಕುವುದಿಲ್ಲ.

ಗೆರೆ ಬಾಗಿದೆ, ಅಥವಾ ಉತ್ತರ 1 ದಾಟಿದೆ

ತುಂಡಿನ ತಳಕ್ಕೆ ರಬ್ಬರ್ ಅಂಟಿಸಿದ್ದರೆ ಗ್ರಾಫ್ ಬಾಗುವುದು ಸಹಜ. ರಬ್ಬರ್ ಅಮೊಂತೊನ್‌ನ ನಿಯಮಕ್ಕೆ ಪೂರ್ತಿ ತಲೆಬಾಗುವುದಿಲ್ಲ. ಹೊರೆ ಜಾಸ್ತಿಯಾದ ಹಾಗೆ ಅದರ ಮ್ಯೂ ಇಳಿಯುತ್ತದೆ. ಆಗ ಒಂದು ಮ್ಯೂ ಬರೆಯಬೇಡಿ, ಯಾವ ಹೊರೆಗೆ ಎಷ್ಟು ಎಂದು ಬರೆಯಿರಿ. ಮರದ ಗ್ರಾಫ್ ಬಾಗಿದ್ದರೆ ಮಾತ್ರ ಅನುಮಾನ ಪಡಿ. ಭಾರಕ್ಕೆ ಹಲಗೆಯ ನಡುಭಾಗ ತಗ್ಗುತ್ತಿರಬಹುದು, ಅದರ ಕೆಳಗೆ ಆಸರೆ ಕೊಡಿ.

ಮ್ಯೂ 1 ದಾಟಬಾರದು ಎಂಬ ಮಾತು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಆಗಾಗ ಕೇಳುತ್ತದೆ. ಅಂಥ ನಿಯಮ ಯಾವುದೂ ಇಲ್ಲ. ಶುದ್ಧವಾಗಿ ಒರೆಸಿದ ಗಾಜಿನ ಮೇಲೆ ಗಾಜು 0.9ರಿಂದ 1ರವರೆಗೆ ಹೋಗುತ್ತದೆ, ಒಣ ಅಲ್ಯೂಮಿನಿಯಮ್ ಮೇಲೆ ಅಲ್ಯೂಮಿನಿಯಮ್ 1 ದಾಟುತ್ತದೆ. ನಯವಾದಷ್ಟೂ ಘರ್ಷಣೆ ಕಡಿಮೆ ಎಂಬುದೂ ಒಂದು ಹಂತದವರೆಗೆ ಮಾತ್ರ ನಿಜ. ಕಣ್ಣಿಗೆ ಮಟ್ಟಸವಾಗಿ ಕಾಣುವ ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಅಲ್ಲಲ್ಲಿ, ಸಣ್ಣ ಸಣ್ಣ ಉಬ್ಬುಗಳ ತುದಿಯಲ್ಲಿ. ಕೇಂಬ್ರಿಜ್‌ನಲ್ಲಿ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ಕಳೆದ ಶತಮಾನದ ಮಧ್ಯದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಹೊರೆ ಹೆಚ್ಚಿದರೆ ಈ ನಿಜವಾದ ತಾಗುವಿಕೆ ಹೆಚ್ಚುತ್ತದೆ, ಹಾಗಾಗಿ ಘರ್ಷಣೆಯೂ ಹೆಚ್ಚುತ್ತದೆ. ಜಿಡ್ಡು, ಧೂಳು ಎಲ್ಲ ತೆಗೆದುಬಿಟ್ಟರೆ ಉಬ್ಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಜನ್ನು ಚೆನ್ನಾಗಿ ಒರೆಸಿದ ಮೇಲೆ ಮ್ಯೂ ಏರಿದರೆ ಗಾಬರಿಯಾಗಬೇಡಿ, ಕೆಲಸ ಸರಿಯಾಗಿದೆ.

ಎರಡು ಬ್ಯಾಚ್‌ಗಳ ಉತ್ತರ ಕೂಡುತ್ತಿಲ್ಲ

ಮೇಲಿನ ಪರೀಕ್ಷೆಗಳನ್ನೆಲ್ಲ ಇಬ್ಬರೂ ಮಾಡಿದ್ದೀರಿ, ಆದರೂ ಒಬ್ಬರಿಗೆ 0.28, ಇನ್ನೊಬ್ಬರಿಗೆ 0.35. ಆಗ ಅದಲು ಬದಲು ಮಾಡಿ ನೋಡಿ. ಮೊದಲು ತುಂಡುಗಳನ್ನು ಮಾತ್ರ ಬದಲಿಸಿಕೊಳ್ಳಿ. 0.35 ತುಂಡಿನ ಜೊತೆ ಹೋಯಿತೇ? ತುಂಡಿನ ತಳ ಬೇರೆ ಇದೆ. ಹೋಗಲಿಲ್ಲವೇ? ತುಂಡುಗಳನ್ನು ವಾಪಸ್ ಕೊಟ್ಟು ರಾಟೆಗಳನ್ನು ಬದಲಿಸಿ. ಅದಕ್ಕೂ ಜಗ್ಗದಿದ್ದರೆ ಹಲಗೆಗಳನ್ನು. ಎಲ್ಲವನ್ನೂ ಬದಲಿಸಿದರೂ 0.35 ಅದೇ ಮೇಜಿನಲ್ಲೇ ಕೂತಿದ್ದರೆ, ಜನ ಮಾತ್ರ ಜಾಗ ಬದಲಾಯಿಸಿ. ಬೆಲೆ ಜನರ ಹಿಂದೆ ಹೋದರೆ ತೂಕ ಇಡುವ ರೀತಿಯನ್ನೂ ಕಾಯುವ ಹೊತ್ತನ್ನೂ ಹೋಲಿಸಿ. ಹೋಗದಿದ್ದರೆ ಆ ಮೇಜಿಗೆ ಇನ್ನೊಮ್ಮೆ ರಸಮಟ್ಟ ಇಡಿ.